ಬಾವಿಗೆ ಇಳಿಬಿಟ್ಟ ಬಟ್ಟೆ

ಖಾಲಿ ಜಾಗ ಅಂದ ಮಾತ್ರಕ್ಕೆ ಅದಕ್ಕೆ ವಾರಸುದಾರರು ಇರಲ್ಲ ಅಂದ್ಕೋಬೇಡಿ. 1971ರಲ್ಲಿ ಫ್ರಾನ್ಸಿನ ಕಲಾವಿದ ಡೇನಿಯಲ್ ಬ್ಯೂರೆನ್ ಇದನ್ನು ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಮ್ಮಿನಲ್ಲಿ ಕಲಿತರು.

ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ ಕಟ್ಟಡ ಅದು. ಸುತ್ತಿ ಸುತ್ತಿ ಮೇಲೇರುವ ಇಳಿಜಾರು ದಾರಿ, ಮೇಲೆ ಗಾಜಿನ ಸೂರು, ನಡುವೆ ಬಾವಿಯಂಥ ದೊಡ್ಡದೊಂದು ಖಾಲಿ ಜಾಗ. ಕಲಾಕೃತಿಗಳೆಲ್ಲ ಗೋಡೆ ಕಡೆ. ಬಂದವರು ಕಟಾಂಜನಕ್ಕೆ ಒರಗಿ ನೋಡುವುದು ಮಾತ್ರ ಬಾವಿಯನ್ನೇ. ಹಾಗಿದ್ದ ಮೇಲೆ ಬಾವಿಯಲ್ಲೇ ಏನಾದರೂ ಇಟ್ಟರಾಯಿತು ಅಂತ ಬ್ಯೂರೆನ್ 20 ಮೀಟರ್ ಉದ್ದ, 10 ಮೀಟರ್ ಅಗಲದ ಪಟ್ಟೆ ಬಟ್ಟೆಯನ್ನು ಮಧ್ಯಕ್ಕೆ ಇಳಿಬಿಟ್ಟರು. ನೀಲಿ, ಬಿಳಿ, ನೀಲಿ, ಬಿಳಿ. ಒಂದೊಂದು ಪಟ್ಟೆ 8.7 ಸೆಂಟಿಮೀಟರ್. ಅಂಗಡಿ ಮುಂದೆ ಬಿಸಿಲಿಗೆ ಕಟ್ಟುವ ಬಟ್ಟೆಯ ಪಟ್ಟೆಗಳೇ. 1965ರಿಂದ ಅವರು ಹಿಡಿದ ಪಟ್ಟೆಯನ್ನು ಬಿಟ್ಟವರಲ್ಲ.

ಅದು ಅಂತಾರಾಷ್ಟ್ರೀಯ ಪ್ರದರ್ಶನ. ಬೇರೆ ಕಲಾವಿದರೂ ಇದ್ದರು. ಸಾಮಾನ್ಯರಲ್ಲ, ಕಲೆಯ ಹಳೇ ಕಟ್ಟುಪಾಡುಗಳನ್ನೆಲ್ಲ ಗಾಳಿಗೆ ತೂರಿದವರು. ಡ್ಯಾನ್ ಫ್ಲೇವಿನ್ ಟ್ಯೂಬ್‌ಲೈಟ್ ಹಚ್ಚಿಟ್ಟು ಇದೇ ಕಲೆ ಅಂದವರು. ಡೊನಾಲ್ಡ್ ಜಡ್ ತಗಡಿನ ಪೆಟ್ಟಿಗೆ ಇಟ್ಟು ಇದೂ ಕಲೆಯೇ ಅಂದವರು. ಇಂಥ ಧೀರರು ಒಂದು ಬಟ್ಟೆ ಕಂಡು ಕಂಗಾಲಾದರು. ನಮ್ಮ ಕೃತಿಗೆ ಅಡ್ಡ ಬರುತ್ತದೆ ಅಂತ ತಕರಾರು. ಎದುರು ಸೈಟಿನವನು ಇನ್ನೊಂದು ಮಹಡಿ ಎಬ್ಬಿಸಿದರೆ ಗಾಳಿ-ಬೆಳಕು ಹೋಯ್ತು ಅಂತ ಕಾರ್ಪೊರೇಷನ್ನಿಗೆ ಅರ್ಜಿ ಕೊಡ್ತಾರಲ್ಲ, ಥೇಟ್ ಹಾಗೆ.

ನಿಜಕ್ಕೂ ಅಡ್ಡ ಬರುತ್ತಿತ್ತಾ? ದಾರಿ ಸುತ್ತುತ್ತದೆ, ಬಟ್ಟೆ ಸುತ್ತುವುದಿಲ್ಲ. ಒಂದು ಕಡೆ ನಿಂತರೆ ಎದೆಯೊಡ್ಡಿ ನಿಂತ ಬಟ್ಟೆ ಎದುರಿನ ಅಂಕಣವನ್ನು ಮುಚ್ಚುತ್ತದೆ, ಹೌದು. ಇನ್ನಷ್ಟು ಹೆಜ್ಜೆ ಹಾಕಿ: ಅಂಚು ಮಾತ್ರ ಕಾಣುತ್ತದೆ, ಬರೀ ಒಂದು ಗೆರೆ. ಮತ್ತೆ ನಡೆಯಿರಿ, ಅಗಲವಾಗುತ್ತದೆ. ಆ ಕಟ್ಟಡದಲ್ಲಿ ನಡೆಯುವುದು ಅಂದರೇನು ಅಂತ ಆ ಬಟ್ಟೆ ತೋರಿಸುತ್ತಿತ್ತು. ಅದೇ ಅದರ ತಪ್ಪು ಅನ್ನಿ.

ಇನ್ನೊಂದು ತಮಾಷೆ ಇದೆ. ಕಲಾವಿದರಿಗೆ ಮೊದಲು ಅಡ್ಡ ಬಂದದ್ದು ಆ ಕಟ್ಟಡವೇ. 1956ರಲ್ಲೇ 21 ಕಲಾವಿದರು ಸಹಿ ಹಾಕಿ, ಇಂಥ ಓರೆ ಗೋಡೆಯಲ್ಲಿ ಚಿತ್ರ ತೋರಿಸೋಕಾಗಲ್ಲ ಅಂತ ಪತ್ರ ಬರೆದಿದ್ದರು. ಯಾರು ಕೇಳ್ತಾರೆ? 1959ರಲ್ಲಿ ಬಾಗಿಲು ತೆರೆಯಿತು. ಕಾಂಕ್ರೀಟನ್ನು ಸುರುಳಿ ಸುತ್ತಿ ಒಳಗಿಡೋಕಾಗಲ್ಲ, ಬಟ್ಟೆಯನ್ನು ಇಡಬಹುದು. ಇಟ್ಟರು. ಪ್ರದರ್ಶನ ಶುರುವಾಗುವ ಮೊದಲೇ ಮ್ಯೂಸಿಯಂ ಬಟ್ಟೆಯನ್ನು ಕೆಳಗಿಳಿಸಿತು. ಇದನ್ನು ವಿರೋಧಿಸಿ ಅದೇ ಪ್ರದರ್ಶನದಲ್ಲಿದ್ದ ಶಿಲ್ಪಿ ಕಾರ್ಲ್ ಆಂದ್ರೆ ತಮ್ಮ ಕೃತಿಯನ್ನೂ ವಾಪಸ್ ತೆಗೆದುಕೊಂಡರು. ಅಲ್ಲಿಗೆ ಬಟ್ಟೆಯ ಜೊತೆ ಇನ್ನೊಂದು ಅಡ್ಡಿಯೂ ನಿವಾರಣೆಯಾಯಿತು.

2005ರಲ್ಲಿ ಅದೇ ಮ್ಯೂಸಿಯಂ ಅದೇ ಬ್ಯೂರೆನ್‌ರನ್ನು ಅದೇ ಬಾವಿಗೆ ಮರ್ಯಾದೆಯಿಂದ ಕರೆಯಿತು. ಈ ಸಲ ಅವರು ಅಟ್ಟಣೆ ಕಟ್ಟಿ ಸೂರಿನ ಹತ್ತಿರದವರೆಗೂ ಕನ್ನಡಿ ನಿಲ್ಲಿಸಿದರು. ಬಟ್ಟೆಗಿಂತ ಎಷ್ಟೋ ಜಾಸ್ತಿ ಅಡ್ಡ. ಆದರೂ ಒಂದು ತಕರಾರಿಲ್ಲ. ಅದು ಅವರೊಬ್ಬರದೇ ಪ್ರದರ್ಶನ, ನೆರೆಹೊರೆಯವರೇ ಇರಲಿಲ್ಲ.