ಸತ್ಯಾಂಶ: ಸೋಲಾರ್ ಪ್ಯಾನೆಲ್ ಮಳೆಯನ್ನು ಓಡಿಸುತ್ತದೆಯೇ?

"ಪಾವಗಡದ ಸೋಲಾರ್ ಪ್ಯಾನೆಲ್‌ಗಳು ಬಿಸಿಲನ್ನು ಕನ್ನಡಿಯಂತೆ ಆಕಾಶಕ್ಕೆ ಎಸೆಯುತ್ತವೆ, ಅದಕ್ಕೇ ಮೋಡ ಚದುರಿ ಮಳೆ ಬರುತ್ತಿಲ್ಲ" ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಇದು ನಿಜವಲ್ಲ.

ಪ್ಯಾನೆಲ್ ಇರುವುದೇ ಬಿಸಿಲು ಹೀರಲು. ವಾಪಸ್ ಹೋದ ಬೆಳಕೆಲ್ಲ ನಷ್ಟವೇ ಅಲ್ವಾ? ಪ್ಯಾನೆಲ್ ಮಾಡಲು ಬಳಸುವ ಸಿಲಿಕಾನ್ ಹಾಗೇ ಬಿಟ್ಟರೆ ಶೇ. 30ಕ್ಕೂ ಹೆಚ್ಚು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಅದರ ಮೈಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗೋಪುರಗಳಂತೆ ಒರಟು ಮಾಡಿ, ಮೇಲೆ ಬೆಳಕು ಮರಳುವುದನ್ನು ತಗ್ಗಿಸುವ ಸಿಲಿಕಾನ್ ನೈಟ್ರೈಡ್‌ನ ತೆಳು ಪದರ ಕೂರಿಸುತ್ತಾರೆ. ಆ ಕಡುನೀಲಿ ಬಣ್ಣ ಬರುವುದು ಇದರಿಂದಲೇ. ಬಿಸಿಲು ನೇರವಾಗಿ ಬಿದ್ದಾಗ ಮರಳುವ ಬೆಳಕು ತೀರಾ ಕಡಿಮೆ. ಒಣ ಮಣ್ಣೇ ಇದಕ್ಕಿಂತ ಜಾಸ್ತಿ ಮರಳಿಸುತ್ತದೆ.

ಬಿದ್ದ ಬಿಸಿಲಿನಲ್ಲಿ ಸುಮಾರು ಶೇ. 20 ವಿದ್ಯುತ್ ಆಗುತ್ತದೆ, ಉಳಿದದ್ದು ಹೆಚ್ಚಾಗಿ ಶಾಖ. ಪ್ಯಾನೆಲ್ ಸುತ್ತ ಸೆಕೆ ಎಂದು ಊರವರು ಹೇಳಿದರೆ ಸುಮ್ನೆ ತಳ್ಳಿಹಾಕಬಾರದು. ಆದರೆ ಪಾವಗಡದ ಬರ ಹಳೆಯದು. ಅದು ಪಶ್ಚಿಮ ಘಟ್ಟದ ಮಳೆ ನೆರಳಿನ ಸೀಮೆ, ಅಂದರೆ ಘಟ್ಟ ಮಳೆಮೋಡ ತಡೆಯುವುದರಿಂದ ಮಳೆ ಕಡಿಮೆ ಬೀಳುವ ಜಾಗ. ಸೋಲಾರ್ ಪಾರ್ಕ್ ಉದ್ಘಾಟನೆಯಾದದ್ದು 2018ರಲ್ಲಿ.