ಬಣ್ಣ ಬೇರೆ ಎಂದರೆ ಅಪ್ಪ ಬೇರೆ ಅಂತಲ್ಲ

"ಅಪ್ಪ ಕಪ್ಪು, ಅಮ್ಮ ಬಿಳಿ ಆದರೆ ಮಕ್ಕಳೆಲ್ಲ ನಡುವಿನ ಬಣ್ಣದವರೇ ಆಗಬೇಕು. ಒಬ್ಬರು ಬೇರೆ ಥರ ಕಂಡರೆ ಅಪ್ಪನೇ ಬೇರೆ" ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ತಾಯಿಯ ಮೇಲೆ ಸುಮ್ನೆ ಹೊರಿಸುವ ಅಪವಾದ ಕೂಡ.

ಚರ್ಮದ ಬಣ್ಣದ ಹಿಂದೆ ಒಂದಲ್ಲ, ಹತ್ತಾರು ಜೀನ್‌ಗಳಿವೆ. ಅಪ್ಪ, ಅಮ್ಮ ಇಬ್ಬರೂ ತಮ್ಮ ಜೀನ್‌ಗಳಲ್ಲಿ ಅರ್ಧ ಕೊಡುತ್ತಾರೆ. ಯಾವ ಅರ್ಧ ಎಂಬುದು ಮಗುವಿನಿಂದ ಮಗುವಿಗೆ ಬದಲಾಗುತ್ತದೆ. ಅವರೇ ಮಿಶ್ರ ಮೂಲದವರಾಗಿದ್ದರೆ ವ್ಯತ್ಯಾಸ ಇನ್ನೂ ಜಾಸ್ತಿ. ಅವಳಿಗಳಲ್ಲೂ ಒಬ್ಬರು ಬೆಳ್ಳಗೆ, ಇನ್ನೊಬ್ಬರು ಕಪ್ಪಗೆ ಇರಬಹುದು.

"ಮುಖ ನೋಡಿದರೆ ಜನಾಂಗ ಗೊತ್ತಾಗುತ್ತೆ ಅಲ್ವಾ?" ಎನ್ನುವವರೂ ಇದ್ದಾರೆ. ಗೊತ್ತಾಗಲೇಬೇಕು ಅಂತೇನಿಲ್ಲ. ಅಮೆರಿಕದ ವಾಲ್ಟರ್ ವೈಟ್ ಅವರದು ನೀಲಿ ಕಣ್ಣು, ಹೊಂಬಣ್ಣದ ಕೂದಲು. ಆದರೂ ಅವರು ಬಾಳಿದ್ದು ಕಪ್ಪು ಜನರಲ್ಲಿ ಒಬ್ಬರಾಗಿ. ಕಪ್ಪು ಜನರ ಹಕ್ಕಿಗಾಗಿ ದುಡಿಯುವ ಎನ್‌ಎಎಸಿಪಿ ಎಂಬ ಸಂಘಟನೆಯನ್ನು 1955ರವರೆಗೆ ಮುನ್ನಡೆಸಿದರು. 1919ರಲ್ಲಿ ಅರ್ಕನ್ಸಾಸ್ ರಾಜ್ಯದಲ್ಲಿ ನಡೆದ ಕಪ್ಪು ಜನರ ಹತ್ಯಾಕಾಂಡದ ತನಿಖೆಗೆ ಬಿಳಿಯರಂತೆ ಹೋಗಿದ್ದರು. ಗುಟ್ಟು ರಟ್ಟಾದ ಸುದ್ದಿ ತಿಳಿದು ರೈಲು ಹತ್ತಿದರು. ಬಿಳಿಯನಂತೆ ಓಡಾಡುತ್ತಿರುವ ಕಪ್ಪಿನವನೊಬ್ಬನಿಗಾಗಿ ಊರವರು ಕಾಯುತ್ತಿದ್ದಾರೆ ಎಂದು ಕಂಡಕ್ಟರ್ ಅವರಿಗೇ ಹೇಳಿದ. ಎದುರಿಗೆ ಕೂತಿದ್ದವರೇ ಅವರು ಅಂತ ಅವನಿಗೆ ಹೊಳೆಯಲೇ ಇಲ್ಲ.