ಎಲೆ ಊದೋ ಕಾಲ

ಶನಿವಾರ ಬೆಳಿಗ್ಗೆ ಏಳು ಗಂಟೆ. ವಾರವೆಲ್ಲ ದುಡಿದು ಸಾಕಾಗಿದೆ, ಇವತ್ತಾದ್ರೂ ಒಂದ್ ಗಂಟೆ ಜಾಸ್ತಿ ಮಲಗೋಣ ಅಂತ ಮುಸುಕು ಎಳ್ಕೊಂಡಿದ್ದೇ ತಡ, ಎದುರು ಮನೆ ಕಡೆಯಿಂದ ಜುಯ್ಯ್ಯ್ ಅಂತ ಶುರುವಾಯ್ತು. ನಿದ್ದೆಗಣ್ಣಲ್ಲಿ ಕಿವಿಗೆ ಕಣಜ ಹೊಕ್ಕಿರಬೇಕು ಅನ್ಕೊಂಡೆ. ಆಮೇಲೆ ಗೊತ್ತಾಯ್ತು, ಲೀಫ್ ಬ್ಲೋವರ್, ಉದುರಿದ ಎಲೇನ ಗಾಳಿ ಊದಿ ಓಡಿಸೋ ಮಷಿನ್. ಕವಿಗಳಿಗೆ ಎಲೆ ಉದುರೋ ಕಾಲ ಬಂದಿದ್ದು ಎಲೆ ಬಣ್ಣ ನೋಡಿ ಗೊತ್ತಾಗತ್ತಂತೆ, ನಮ್ಮ ಬಡಾವಣೆಯವರಿಗೆ ಈ ಸದ್ದೇ ಪಂಚಾಂಗ.

ಪರದೆ ಸರಿಸಿ ನೋಡಿದ್ರೆ ಎದುರು ಮನೆ ಯಜಮಾನ್ರು ಬೆನ್ನಿಗೆ ಮಷಿನ್ ಕಟ್ಕೊಂಡು, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು, ಕಿವಿಗೆ ದಪ್ಪಗಿನ ಇಯರ್ ಮಫ್ ಹಾಕ್ಕೊಂಡು ದಂಡಯಾತ್ರೆಗೆ ಹೊರಟಿರೋ ಥರ ನಿಂತಿದಾರೆ. ಸದ್ದು ಮಾಡೋರ ಕಿವಿಗೆ ಭದ್ರತೆ ಇದೆ ಸ್ವಾಮಿ, ಕೇಳೋ ಬೀದಿಯವರಿಗೆ ತಲೆ ಮೇಲೆ ದಿಂಬು ಒತ್ಕೊಳ್ಳೋದೊಂದೇ ಗತಿ. ಅವರ ಶತ್ರು ಯಾರು ಅಂತ ನೋಡಿದೆ. ಗೇಟ್ ಮುಂದೆ, ರಾತ್ರಿ ಇಬ್ಬನಿಗೆ ನೆಂದು ಸಿಮೆಂಟಿಗೆ ಅಂಟ್ಕೊಂಡಿರೋ ಒಂದೇ ಒಂದು ಎಲೆ. ಎಡಗಡೆಯಿಂದ ಊದಿದ್ರು, ಅಂಚು ಪಟಪಟ ಅಂತು, ಏಳಲಿಲ್ಲ. ಬಲಗಡೆಯಿಂದ ಊದಿದ್ರು. ಮೂತಿನ ನೆಲಕ್ಕೆ ಒತ್ತಿ, ಒಂದು ಕಾಲು ಮುಂದಿಟ್ಟು ಫುಲ್ ರೇಸ್ ಕೊಟ್ರು. ಎಲೆ ಒಂದ್ಸಲ ಎದ್ದು, ಅರ್ಧ ಸುತ್ತು ತಿರುಗಿ, ಎರಡಡಿ ಆಚೆ ಮತ್ತೆ ಮಗುಚಿ ಕೂತ್ಕೊಳ್ತು. ಈ ಬ್ಲೋವರ್‌ಗಳಲ್ಲಿ ಕೆಲವದರ ಗಾಳಿ ಗಂಟೆಗೆ 300 ಕಿ.ಮೀ. ಹತ್ತಿರ ಹೋಗತ್ತೆ, ಚಂಡಮಾರುತಕ್ಕೆ ಅತಿ ದೊಡ್ಡದಾದ ಕೆಟಗರಿ 5 ಅನ್ನೋ ಬಿರುದು ಸಿಗೋದು 252 ಕಿ.ಮೀ.ಗೇ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂತಾರಲ್ಲ, ಇಲ್ಲಿ ಗುಬ್ಬಿನೇ ಗೆಲ್ತಿತ್ತು. ಬಗ್ಗಿ ಎತ್ತಿದ್ರೆ ಮೂರು ಸೆಕೆಂಡ್ ಕೆಲಸ, ಆದ್ರೆ ಅಷ್ಟು ದುಡ್ಡು ಕೊಟ್ಟು ಮಷಿನ್ ತಗೊಂಡು ಆಮೇಲೆ ಬಗ್ಗೋದು ಅಂದ್ರೆ ಮರ್ಯಾದೆ ಪ್ರಶ್ನೆ ಅಲ್ವಾ.

ಸರಿ, ಊದಿದ ಎಲೆ ಎಲ್ಲಿಗೆ ಹೋಗತ್ತೆ? ನಮ್ಮ ಮನೆ ಮುಂದಕ್ಕೆ. ನಮ್ಮಲ್ಲಿಂದ ಗಾಳಿ ಬೀಸಿದ್ರೆ ಮೂಲೆ ಮನೆಗೆ. ಮೂಲೆ ಮನೆಯವರು ಮಧ್ಯಾಹ್ನ ತಮ್ಮ ಮಷಿನ್ ತೆಗೆದು ರಸ್ತೆಗೆ ಊದ್ತಾರೆ, ಸಂಜೆ ಗಾಳಿ ಎಲ್ಲಾನೂ ವಾಪಸ್ ಎದುರು ಮನೆ ಗೇಟಿಗೆ ತಂದು ಒಪ್ಪಿಸತ್ತೆ. ಒಟ್ನಲ್ಲಿ ಒಂದೆಲೇನೂ ಊರು ಬಿಟ್ಟು ಹೋಗಿಲ್ಲ, ಪೆಟ್ರೋಲ್ ಮಾತ್ರ ಹೋಗಿದೆ. ಇದರ ಬಗ್ಗೆ ವಾಟ್ಸಾಪ್ ಗ್ರೂಪಲ್ಲಿ ಜಗಳ ಬೇರೆ. "ನಿಮ್ಮ ಮರದ ಎಲೆ ನಮ್ಮ ಕಾಂಪೌಂಡಲ್ಲಿ" ಅಂತ ಒಬ್ರು ಫೋಟೋ ಹಾಕಿದ್ರೆ, "ನಮ್ಮ ಮರದ ಎಲೆ ಐದು ಮೂಲೇದು, ನಿಮ್ಮ ಫೋಟೋಲಿರೋದು ಉದ್ದಕ್ಕಿದೆ, ಸಂಬಂಧ ಇಲ್ಲ" ಅಂತ ಇನ್ನೊಬ್ರು, ಮರ ಬೆಳೆಸಿ ಇಷ್ಟು ವರ್ಷದಲ್ಲಿ ಅದರ ಹೆಸರೇನು ಅಂತ ಕೇಳದೇ ಇದ್ದವರು ಎಲೆಗೆ ಮೂಲೆ ಎಷ್ಟಿದೆ ಅಂತ ಎಣಿಸ್ತಾ ಕೂತಿದಾರೆ. ಕೊನೆಗೆ ಅಸೋಸಿಯೇಷನ್ ಮೀಟಿಂಗ್ ಸೇರಿ ನಿರ್ಣಯ ಮಾಡ್ತು: ಪ್ರತಿಯೊಬ್ಬರೂ ಅವರವರ ಎಲೆಗೆ ಅವರವರೇ ಜವಾಬ್ದಾರರು. ಎಲೆಗಳಿಗೆ ನೋಟಿಸ್ ಕಾಪಿ ಕೊಟ್ಟಿಲ್ಲ ಅನ್ಸತ್ತೆ, ಪಾಲಿಸ್ತಾ ಇಲ್ಲ.

ಮರದ ಕಡೆಯಿಂದ ನೋಡಿದ್ರೆ ಇಷ್ಟು ನೀಟಾದ ಕೆಲಸ ಇನ್ನೊಂದಿಲ್ಲ ಕಣ್ರಿ. ಹಗಲು ಚಿಕ್ಕದಾಗ್ತಾ ಬಂದ ಹಾಗೆ ಅದು ಎಲೇಲಿರೋ ಸಾರಜನಕ, ರಂಜಕ ಎಷ್ಟು ಸಾಧ್ಯವೋ ಅಷ್ಟನ್ನ ಒಳಗೆ ಎಳ್ಕೊಳ್ಳತ್ತೆ, ಹಸಿರು ಬಣ್ಣ ಕೊಡೋ ಕ್ಲೋರೋಫಿಲ್ ಒಡೆದು ಹೋಗತ್ತೆ, ಮೊದಲಿಂದ ಅಡಗಿ ಕೂತಿದ್ದ ಹಳದಿ ಆಗ ಈಚೆ ಕಾಣತ್ತೆ. ಆಮೇಲೆ ತೊಟ್ಟಿನ ಬುಡದಲ್ಲಿ ತೆಳ್ಳಗೆ ಒಂದು ಪದರ ಕಟ್ಟಿ, ಗಾಯ ಆಗದ ಹಾಗೆ ಎಲೆ ಕಳಚಿಬಿಡತ್ತೆ. ಅಂದ್ರೆ ಲೆಕ್ಕ ಚುಕ್ತಾ ಮಾಡಿ, ಬೀಗದ ಕೈ ವಾಪಸ್ ಇಸ್ಕೊಂಡು ಬಾಡಿಗೆದಾರನನ್ನ ಕಳಿಸಿದ ಹಾಗೆ. ಇಷ್ಟೂ ಸದ್ದಿಲ್ಲದೆ. ಸದ್ದಿನ ಗುತ್ತಿಗೆ ನಮ್ಮದು.

ಬರೀ ಸದ್ದಾದ್ರೆ ಹೋಗ್ಲಿ. 2011ರಲ್ಲಿ ಅಮೆರಿಕದ ಎಡ್ಮಂಡ್ಸ್ ಅನ್ನೋ ಕಾರು ವಿಮರ್ಶೆಯವರು ಒಂದು ಟೂ ಸ್ಟ್ರೋಕ್ ಬ್ಲೋವರ್ನ ಫೋರ್ಡ್ ರಾಪ್ಟರ್ ಪಿಕಪ್ ಪಕ್ಕ ಇಟ್ಟು ಹೊಗೆ ಅಳೆದು ನೋಡಿದ್ರು, ಅರ್ಧ ಗಂಟೆ ಎಲೆ ಊದಿದ್ರೆ ಬರೋ ಹೈಡ್ರೋಕಾರ್ಬನ್ನು, ಆ ಗಾಡೀಲಿ 6,000 ಕಿ.ಮೀ.ಗೂ ಜಾಸ್ತಿ ಓಡಾಡಿದ್ರೆ ಬರೋವಷ್ಟು. ನಮ್ಮ ಯಜಮಾನ್ರು ಗೇಟಿಂದ ಗೇಟಿಗೆ ಹೋಗೋದ್ರಲ್ಲೇ ದೇಶ ಸುತ್ತಿ ಬಂದಿದಾರೆ, ಒಂದು ಫೋಟೋನೂ ತೆಗೆಸ್ಕೊಂಡಿಲ್ಲ ಪಾಪ. ಕ್ಯಾಲಿಫೋರ್ನಿಯಾದ ಕಾರ್ಮೆಲ್ ಅನ್ನೋ ಪುಟ್ಟ ಊರಿನವರು 1975ರಲ್ಲೇ ಇದರ ಸಹವಾಸ ಬೇಡ ಅಂತ ನಿಷೇಧ ಹಾಕಿದ್ರು, ವಾಷಿಂಗ್ಟನ್ ಡಿಸಿಯವರು ಪೆಟ್ರೋಲ್ ಬ್ಲೋವರ್‌ಗೆ 2022ರಲ್ಲಿ ಬಾಗಿಲು ಹಾಕಿದ್ರು. ನಾನು ಇದನ್ನ ಗ್ರೂಪಲ್ಲಿ ಹಾಕಿದೆ. ಎರಡು ಹೆಬ್ಬೆಟ್ಟು ಬಂತು, ಆಮೇಲೆ ಯಾರೋ ಗುಡ್ ಮಾರ್ನಿಂಗ್ ಹೂವು ಕಳಿಸಿದ್ರು.

ಇನ್ನು ಪ್ಲಾಸ್ಟಿಕ್ ಚೀಲದ ಕಥೆ. ಊದಿ ಊದಿ ಗುಡ್ಡೆ ಹಾಕಿದ ತರಗೆಲೇನ ಕಪ್ಪು ಕವರಲ್ಲಿ ತುಂಬಿ, ಕಾಲಲ್ಲಿ ತುಳಿದು, ಬಾಯಿ ಬಿಗಿದು ಕಸದವರಿಗೆ ಕೊಡ್ತಾರೆ. ಮಣ್ಣಲ್ಲಿ ಮಣ್ಣಾಗಬೇಕಾಗಿದ್ದು ಕಸದ ಗುಡ್ಡದಡಿ ಗಾಳಿ ಇಲ್ಲದೆ ಕೊಳೆತು ಮೀಥೇನ್ ಆಗತ್ತೆ. ಚಳಿ ಮುಗಿದು ಚಿಗುರೋ ಹೊತ್ತಿಗೆ ಇದೇ ಜನ ಅಂಗಡೀಲಿ ಕ್ಯೂ ನಿಂತು ಗೊಬ್ಬರದ ಚೀಲ ಹೊತ್ಕೊಂಡು ಬರ್ತಾರೆ, ಮೇಲೆ ಹಸಿರು ಅಕ್ಷರದಲ್ಲಿ "ಶುದ್ಧ ಎಲೆಗೊಬ್ಬರ" ಅಂತ ಬರೆದಿರತ್ತೆ. ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಅಲೆದೋರಾದ್ರೂ ವಾಸಿ, ಅವರು ಬೆಣ್ಣೇನ ತಿಪ್ಪೆಗೆ ಹಾಕಿರಲಿಲ್ಲ. ಆ ತರಗಿನಡಿ ಚಳಿಗಾಲ ಕಳೆಯೋಕೆ ಅಂತ ಮಲಗಿದ್ದ ಪತಂಗದ ಕೋಶ, ಮಿಂಚುಹುಳದ ಮರಿ ಎಲ್ಲಾ ಅದೇ ಕವರಲ್ಲಿ ಹೋಗಿರ್ತವೆ. ಬೇಸಿಗೆ ಸಂಜೆ ಇದೇ ಯಜಮಾನ್ರು ಕುರ್ಚಿ ಹಾಕ್ಕೊಂಡು, "ನಾವು ಚಿಕ್ಕವರಿದ್ದಾಗ ಎಷ್ಟು ಮಿಂಚುಹುಳ ಇತ್ತು ಗೊತ್ತಾ, ಈಗೆಲ್ಲಿ" ಅಂತ ನಿಟ್ಟುಸಿರು ಬಿಡ್ತಾರೆ. ನಾನು ಹೂಂ ಅಂತೀನಿ.

ಈ ಸಲ ಹೊಸದೊಂದು ಸೇರಿದೆ. ಅಂಗಳದಲ್ಲಿ ಒಂದೆಲೆ ಇರದ ಹಾಗೆ ಗುಡಿಸಿ ಹಾಕಿದ ಮೇಲೆ ಅವರ ಮನೇವ್ರಿಗೆ ಏನೋ ಬಿಕೋ ಅನ್ನಿಸ್ತಂತೆ, ಆನ್‌ಲೈನಲ್ಲಿ ಆರ್ಡರ್ ಮಾಡಿ ಬಾಗಿಲಿಗೆ ಒಂದು ಪ್ಲಾಸ್ಟಿಕ್ ಎಲೆಗಳ ಹಾರ ತಂದು ಕಟ್ಟಿದ್ರು. ಕೆಂಪು, ಕಿತ್ತಳೆ, ಹಳದಿ, ನರ ಎಲ್ಲಾ ಸೇಮ್ ಟು ಸೇಮ್, ಒಂದೆರಡಕ್ಕೆ ಹುಳ ತಿಂದಿರೋ ತೂತೂ ಮಾಡಿಟ್ಟಿದಾರೆ, ಅಷ್ಟು ನೈಜ. ಹೋದ ವಾರ ಯಜಮಾನ್ರು ಮೆಟ್ಟಿಲ ಸಂದಿಯಲ್ಲಿದ್ದ ಎಲೆ ಓಡಿಸೋಕೆ ಮೂತಿ ಸ್ವಲ್ಪ ಮೇಲೆತ್ತಿದಾರೆ, ಹಾರ ಹರಿದು ಅರ್ಧ ಎಲೆ ಬೀದಿಪಾಲು.

ಹತ್ತು ನಿಮಿಷಕ್ಕೆ ನಮ್ಮ ಗೇಟ್ ಸದ್ದಾಯ್ತು. ಇಯರ್ ಮಫ್ ಕುತ್ತಿಗೆಗೆ ಇಳಿಸ್ಕೊಂಡು ನಿಂತಿದಾರೆ, ಇಷ್ಟು ವರ್ಷದಲ್ಲಿ ಮೊದಲನೇ ಸಲ.

"ಸಾರ್, ನಮ್ಮನೆ ಎಲೆ ನಿಮ್ಮ ಕಡೆ ಹಾರಿ ಬಂದಿದೆ, ಆರಿಸ್ಕೊಂಡು ಹೋಗ್ತೀನಿ."

"ಬನ್ನಿ ಬನ್ನಿ, ಎಷ್ಟು ಬೇಕಾದ್ರೂ ತಗೊಂಡು ಹೋಗಿ" ಅಂತ ನಾನು ಗುಡ್ಡೆ ತೋರಿಸ್ದೆ, ಮೊಣಕಾಲುದ್ದ ಇತ್ತು. "ಆದ್ರೆ ಇಷ್ಟರಲ್ಲಿ ನಿಮ್ಮದು ಯಾವುದು ಅಂತ ಹೆಂಗೆ ಗೊತ್ತಾಗತ್ತೆ?"

ಅವರು ಆಗಲೇ ಬಗ್ಗಿ ಒಂದೊಂದೇ ಎತ್ತಿ ಹಿಚುಕಿ ನೋಡ್ತಿದ್ರು.

"ಪುಡಿ ಆಗದೇ ಇದ್ರೆ ನಮ್ದು ಸಾರ್."